ದಿ ಫ್ಲೈ: ಅಪ್ಪನ ಕಥೆ ಹೆಚ್ಚೋ, ಮಗನ ಕಥೆ ಹೆಚ್ಚೋ?

ಪ್ರಶ್ನೆ: ಸರ್, ಮಳೆಗಾಲದಲ್ಲಿ ನಾವು ನಾಲ್ಕೈದು ಜನ ಗೆಳೆಯರು ಒಬ್ಬರ ಮನೇಲಿ ಸೇರ್ಕೊಂಡು ಹಳೇ ಹಾರರ್ ಸಿನಿಮಾ ನೋಡ್ತೀವಿ. ಮೊನ್ನೆ 1986ರ ‘ದಿ ಫ್ಲೈ’ ನೋಡಿ, ಮಾರನೇ ದಿನ ಅದರ ಮುಂದಿನ ಭಾಗ 1989ರ ‘ದಿ ಫ್ಲೈ 2’ ನೋಡಿದ್ವಿ. ಎರಡನೇದೇ ಮಜಾ ಇದೆ, ಆಕ್ಷನ್ ಇದೆ, ವಿಲನ್‌ಗೆ ತಕ್ಕ ಶಾಸ್ತಿ ಆಗತ್ತೆ ಅಂತ ಗೆಳೆಯರ ವಾದ. ನಂಗೆ ಮಾತ್ರ ಮೊದಲನೇದು ತಲೆಯಿಂದ ಹೋಗ್ತಾನೇ ಇಲ್ಲ. ನೀವೇನಂತೀರಿ?
— ಓದುಗರೊಬ್ಬರು, ಸಾಗರ

ಉತ್ತರ: ನಾನು ನಿಮ್ಮ ಕಡೆ. ಆದ್ರೆ ನಿಮ್ಮ ಗೆಳೆಯರ ಮಾತನ್ನ ಪೂರ್ತಿ ತಳ್ಳಿಹಾಕೋಕೂ ಆಗಲ್ಲ, ಯಾಕಂದ್ರೆ ಎರಡನೇದ್ರಲ್ಲಿ ಒಂದು ಸೀನ್ ಇದೆ, ಅದು ಮೊದಲನೇದ್ರ ಯಾವ ಸೀನಿಗೂ ಕಮ್ಮಿ ಇಲ್ಲ, ಅದಕ್ಕೆ ಆಮೇಲೆ ಬರ್ತೀನಿ. ಎರಡೂ ನೋಡದೇ ಇರೋರು ಈ ಪುಟ ಎತ್ತಿಟ್ಟು, ಸಿನಿಮಾ ನೋಡ್ಕೊಂಡು ಬಂದು ಓದಿ, ನಾನು ಕೊನೇತನಕ ಎಲ್ಲಾ ಹೇಳ್ತಿದೀನಿ.

ಡೇವಿಡ್ ಕ್ರೋನೆನ್‌ಬರ್ಗ್ ನಿರ್ದೇಶನದ ಮೊದಲ ಚಿತ್ರದಲ್ಲಿ ಇರೋದೇ ಮೂರು ಮುಖ್ಯ ಪಾತ್ರ. ಸೆತ್ ಬ್ರಂಡಲ್ ಅನ್ನೋ ವಿಜ್ಞಾನಿ (ಜೆಫ್ ಗೋಲ್ಡ್‌ಬ್ಲಮ್), ಅವನನ್ನ ಪ್ರೀತಿಸೋ ಪತ್ರಕರ್ತೆ ವೆರೋನಿಕಾ (ಜೀನಾ ಡೇವಿಸ್), ಆಕೆಯ ಸಂಪಾದಕನೂ ಹಳೇ ಪ್ರೇಮಿಯೂ ಆಗಿದ್ದ ಸ್ಟಾಥಿಸ್. ಒಂದು ಪೆಟ್ಟಿಗೇಲಿಟ್ಟಿದ್ದು ಇನ್ನೊಂದು ಪೆಟ್ಟಿಗೇಲಿ ಪ್ರತ್ಯಕ್ಷ ಆಗೋ ಯಂತ್ರ ಕಂಡುಹಿಡಿದಿರ್ತಾನೆ ಬ್ರಂಡಲ್. ಒಂದು ರಾತ್ರಿ ಕುಡಿದು, ಅವಳ ಮೇಲೆ ಅನುಮಾನ ಪಟ್ಕೊಂಡು, ತಾನೇ ಒಳಗೆ ಹೋಗಿ ಕೂರ್ತಾನೆ, ಜೊತೇಲೊಂದು ನೊಣ ಸೇರ್ಕೊಂಡಿರತ್ತೆ, ಕಂಪ್ಯೂಟರ್‌ಗೆ ಇವೆರಡು ಬೇರೆ ಬೇರೆ ಜೀವ ಅಂತ ಗೊತ್ತಾಗದೆ ಎರಡನ್ನೂ ಜೀನ್ ಮಟ್ಟದಲ್ಲೇ ಕಲಸಿಬಿಡತ್ತೆ. ಅಲ್ಲಿಂದ ಮುಂದೆ ಓಡಿಬರೋ ಭೂತ ಇಲ್ಲ, ಕತ್ತಲೆಯಿಂದ ಹಾರಿ ಬೀಳೋದೂ ಇಲ್ಲ. ಮೊದಲು ಮೈಯಲ್ಲಿ ಎಲ್ಲಿಲ್ಲದ ಶಕ್ತಿ ಬರತ್ತೆ, ಕಾಫಿಗೆ ಚಮಚಗಟ್ಟಲೆ ಸಕ್ಕರೆ ಸುರ್ಕೋತಾನೆ, ಬೆನ್ನ ಮೇಲೆ ಗಡಸು ಕೂದಲು ಹುಟ್ಟತ್ತೆ, ಆಮೇಲೆ ಕನ್ನಡಿ ಮುಂದೆ ನಿಂತು ಬೆರಳು ಒತ್ತಿದ್ರೆ ಉಗುರೇ ಕಿತ್ಕೊಂಡು ಬರತ್ತೆ.

ನಿಮ್ಮ ತಲೆಯಿಂದ ಹೋಗ್ತಿಲ್ಲ ಅಂದ್ರಲ್ಲ, ಬಹುಶಃ ಕಿವಿ ಬೀಳೋ ಸೀನ್ ಇರ್ಬೇಕು. ಬ್ರಂಡಲ್ ಅವಳ ಹತ್ರ ಮಾತಾಡ್ತಾ ಇರೋವಾಗ್ಲೇ ಕಿವಿ ಕಳಚಿ ಕೈಗೆ ಬರತ್ತೆ, ಅವನು ಹೆದರಿದ ಮಗು ಥರ ಸಹಾಯ ಮಾಡು ಅಂತಾನೆ, ಆಗ ಅವಳು ಹಿಂದೆ ಸರಿಯಲ್ಲ, ಹೋಗಿ ತಬ್ಬಿಕೊಳ್ತಾಳೆ. ಕೀವು ಸುರಿಯೋ ಆ ಮೈಯನ್ನ ಎರಡೂ ಕೈಯಲ್ಲಿ. ಹಾರರ್ ಸಿನಿಮಾದಲ್ಲಿ ನಾನು ಕಂಡ ಅತ್ಯಂತ ಧೈರ್ಯದ ಕ್ಷಣ ಅದು. ಕೊಳೀತಿರೋ ಮೈಯನ್ನ ನೋಡಿ ನಾವು ಮುಖ ತಿರುಗಿಸೋ ಹೊತ್ತಿಗೆ ಸರಿಯಾಗಿ ಅವಳು ಮುಖ ಕೊಟ್ಟು ನಿಲ್ತಾಳೆ, ಹಂಗಾಗಿ ನಾವೂ ನೋಡಲೇಬೇಕಾಗತ್ತೆ. ಕೊನೆಗೆ ಏನೂ ಉಳೀದೆ ಇದ್ದಾಗ ಅವಳ ಕೈಲಿದ್ದ ಬಂದೂಕಿನ ನಳಿಗೇನ ಅವನೇ ಹಿಡಿದು ತನ್ನ ಹಣೆಗೆ ಇಟ್ಕೋತಾನೆ, ಅವಳು ಆಗಲ್ಲ ಆಗಲ್ಲ ಅಂತ ಅಳ್ತಾನೇ ಗುಂಡು ಹಾರಿಸ್ತಾಳೆ, ಚಿತ್ರ ಅಲ್ಲಿಗೇ ಮುಗಿಯತ್ತೆ.

ಇನ್ನು ಎರಡನೇದು. ಮೊದಲನೇದ್ರಲ್ಲಿ ಮೇಕಪ್ ಮಾಡಿದ್ದ ಕ್ರಿಸ್ ವಾಲಸ್ ಅವರೇ ಇದಕ್ಕೆ ನಿರ್ದೇಶಕರು. ಬ್ರಂಡಲ್‌ನ ಮಗ ಮಾರ್ಟಿನ್ (ಎರಿಕ್ ಸ್ಟೋಲ್ಟ್ಸ್) ಹುಟ್ಟೋವಾಗ್ಲೇ ತಾಯಿ ತೀರಿಕೊಳ್ತಾಳೆ, ಅಪ್ಪನ ಕೆಲಸಕ್ಕೆ ದುಡ್ಡು ಹಾಕಿದ್ದ ಕಂಪನಿ ಯಜಮಾನ ಬಾರ್ಟಾಕ್ ಹುಡುಗನನ್ನ ಪ್ರಯೋಗಾಲಯದಲ್ಲೇ ಇಟ್ಟು ಸಾಕ್ತಾನೆ. ಐದು ವರ್ಷಕ್ಕೆಲ್ಲ ಪೂರ್ತಿ ದೊಡ್ಡವನ ಹಾಗೆ ಬೆಳೆದುಬಿಡ್ತಾನೆ ಹುಡುಗ. ಅಪ್ಪ ಅಂತ ನಂಬಿದವನೇ ತನ್ನನ್ನ ಪ್ರಯೋಗದ ಪ್ರಾಣಿ ಥರ ಇಟ್ಟಿದಾನೆ ಅಂತ ಅವನಿಗೆ ಗೊತ್ತಾಗೋದೇ ಕಥೆಯ ತಿರುವು. ಒಳ್ಳೇ ವಿಷಯಾನೇ, ಬೆಳೆಸೋಕೆ ಎಷ್ಟೋ ಜಾಗ ಇತ್ತು, ಆದ್ರೆ ಒಬ್ಬ ಕೆಟ್ಟವನು ಬಂದು ನಿಂತ ತಕ್ಷಣ ನಮ್ಮ ಭಯ ಎಲ್ಲಾ ಅವನ ಮೇಲಿನ ಸಿಟ್ಟಾಗಿ ಹೋಗತ್ತೆ. ಅಪ್ಪನ ಕಥೇಲಿ ಸಿಟ್ಟು ಮಾಡ್ಕೊಳೋಕೆ ಯಾರೂ ಸಿಗಲ್ಲ, ಆ ನೊಣದ ಮೇಲೂ ಸಿಟ್ಟು ಬರಲ್ಲ, ಅದಕ್ಕೇ ಅದು ನಮ್ಮೊಳಗೇ ಉಳ್ಕೊಂಡುಬಿಡತ್ತೆ.

ಈಗ ಆ ಸೀನ್. ಚಿಕ್ಕ ಮಾರ್ಟಿನ್‌ಗೆ ಪ್ರಯೋಗಾಲಯದಲ್ಲಿ ಒಂದು ನಾಯಿ ಗೆಳೆಯ ಆಗಿರತ್ತೆ. ಅಲ್ಲಿನ ವಿಜ್ಞಾನಿಗಳು ಅದನ್ನ ಯಂತ್ರಕ್ಕೆ ಹಾಕ್ತಾರೆ, ಅದು ರೂಪ ಕೆಟ್ಟು ಆಚೆ ಬರತ್ತೆ. ಅದಕ್ಕೆ ನೋವಿಲ್ದಂಗೆ ಮುಕ್ತಿ ಕೊಟ್ವಿ ಅಂತ ಹುಡುಗನಿಗೆ ಹೇಳಿರ್ತಾರೆ. ದೊಡ್ಡವನಾದ್ಮೇಲೆ ನೋಡಿದ್ರೆ ಅದಿನ್ನೂ ಒಂದು ಗುಂಡಿಯಲ್ಲಿ ತೆವಳ್ಕೊಂಡು ಬದುಕಿದೆ, ಅಷ್ಟಾದ್ರೂ ಇವನ ಗುರುತು ಮಾತ್ರ ಮರ್ತಿಲ್ಲ. ಮಾರ್ಟಿನ್ ಕೆಳಗಿಳಿದು ಅದನ್ನ ಮಡಿಲಿಗೆ ಹಾಕ್ಕೊಂಡು, ಅಳ್ತಾ ಅಳ್ತಾ ಕ್ಲೋರೋಫಾರ್ಮ್ ಹಿಡೀತಾನೆ. ವೆರೋನಿಕಾ ಬಂದೂಕಿನಲ್ಲಿ ಮಾಡಿದ್ದೇ ಕೆಲಸ ಇದು, ತಾಯಿ ಮಾಡಿದ್ದನ್ನ ಅವಳ ಮುಖಾನೇ ನೋಡದ ಮಗ ಮತ್ತೆ ಮಾಡ್ತಾನೆ. ಇಷ್ಟು ಹೊತ್ತು ಮಾತ್ರ ಎರಡನೇ ಚಿತ್ರ ಮೊದಲನೇದ್ರ ನಿಜವಾದ ಸಂತಾನ.

ಆದ್ರೆ ಕೊನೇಲಿ ಏನಾಗತ್ತೆ ನೋಡಿ. ಅಪ್ಪ ಬ್ರಂಡಲ್ ಕೊನೆಕೊನೆಗೆ ಬುದ್ಧಿ ಕೆಟ್ಟು, ತನ್ನೊಳಗಿನ ನೊಣದ ಪಾಲು ಕಮ್ಮಿ ಮಾಡ್ಕೊಳೋಕೆ ವೆರೋನಿಕಾನ, ಅವಳ ಹೊಟ್ಟೇಲಿದ್ದ ಮಗೂನ ತನ್ನ ಜೊತೆ ಬೆರೆಸ್ಕೋಬೇಕು ಅಂತ ಹೊರಡ್ತಾನೆ, ಅದು ನಡೆಯಲ್ಲ. ಅಪ್ಪನಿಂದ ನೊಣದ ಅಂಶ ಪಡೆದ ಮಗನಿಗೂ ಇರೋ ಮದ್ದು ಅದೇ, ಇನ್ನೊಬ್ಬರ ಆರೋಗ್ಯ ಕಿತ್ಕೊಂಡು ತನ್ನ ರೋಗ ಅವರಿಗೆ ಕೊಡೋದು. ಬೇಡ ಅಂತಿದ್ದವನೇ ಕೊನೆಗೆ ಬಾರ್ಟಾಕ್‌ನ ಪೆಟ್ಟಿಗೆಯೊಳಗೆ ಎಳ್ಕೊಂಡು ಹೋಗ್ತಾನೆ. ಮಾರ್ಟಿನ್ ಸುಂದರವಾಗಿ ಆಚೆ ಬರ್ತಾನೆ, ಬಾರ್ಟಾಕ್ ವಿಕಾರ ಆಗಿ ನಾಯಿ ಇದ್ದಂಥದ್ದೇ ಗುಂಡಿಗೆ ಬೀಳ್ತಾನೆ, ಅವನಿಗೆ ಕ್ಲೋರೋಫಾರ್ಮ್ ಹಿಡಿಯೋರು ಯಾರೂ ಇಲ್ಲ. ನಿಮ್ಮ ಗೆಳೆಯರಿಗೆ ಇದೇ ಇಷ್ಟ ಆಗಿರೋದು, ನಂಗೆ ಇದೇ ಆಗದೇ ಇರೋದು. ನಾಯಿ ಸೀನಿನಲ್ಲಿ ನನ್ನ ಕಣ್ಣಲ್ಲಿ ನೀರು ತರಿಸಿದ ಸಿನಿಮಾ, ಅದೇ ಸ್ಥಿತೀಲಿರೋ ಇನ್ನೊಂದು ಜೀವಾನ ತೋರಿಸಿ ಖುಷಿಪಡು ಅಂತ ಹೇಳಿದ್ರೆ ನಾನು ಒಪ್ಪಲ್ಲ, ಅವನು ಎಷ್ಟೇ ಕೆಟ್ಟವನಾಗಿದ್ರೂ ಸರಿ.

ಪ್ರಶ್ನೆ: 1986ರದ್ದು ರೀಮೇಕ್ ಅಂತಾರಲ್ಲ, ಮೂಲ ಯಾವ್ದು? ನಮ್ಮಪ್ಪ ಕಾಲೇಜಿನ ದಿನದಲ್ಲಿ ಒಂದು ಕಪ್ಪು-ಬಿಳುಪು ನೊಣದ ಸಿನಿಮಾ ನೋಡಿದ್ರಂತೆ, ಅದೇನಾ?
— ಓದುಗಿ, ತೀರ್ಥಹಳ್ಳಿ

ಉತ್ತರ: ಮೂಲ ಚಿತ್ರ 1958ರದ್ದು, ಅದು ಬಣ್ಣದ್ದು ಕಣ್ರೀ. ಅದಾದ ಮಾರನೇ ವರ್ಷ ಬಂದ ಮುಂದುವರಿಕೆ ಇದ್ಯಲ್ಲ, ಅದು ಕಪ್ಪು-ಬಿಳುಪು, ಹಾಗಾಗಿ ಅಪ್ಪ ನೋಡಿದ್ದು ಅದೇ ಇರ್ಬಹುದು. ಎರಡಕ್ಕೂ ಮೂಲ ಜಾರ್ಜ್ ಲ್ಯಾಂಗೆಲಾನ್ 1957ರಲ್ಲಿ ಬರೆದ ಒಂದು ಸಣ್ಣಕಥೆ. 1958ರ ಚಿತ್ರದಲ್ಲಿ ಬೆರೆಯೋದು ಒಂದೇ ಏಟಿಗೆ, ವಿಜ್ಞಾನಿಗೆ ನೊಣದ ತಲೆ ಮತ್ತು ಒಂದು ಕೈ, ನೊಣಕ್ಕೆ ಇವನ ತಲೆ ಮತ್ತು ಕೈ. ಕ್ರೋನೆನ್‌ಬರ್ಗ್ ಮಾಡಿದ ದೊಡ್ಡ ಬದಲಾವಣೆ ಅಂದ್ರೆ ಅದನ್ನ ನಿಧಾನ ಮಾಡಿದ್ದು, ದಿನಕ್ಕಿಷ್ಟು ದಿನಕ್ಕಿಷ್ಟು ಅಂತ.

ಒಂದನ್ನ ಮಾತ್ರ ಅವರು ಬದಲಾಯಿಸಲಿಲ್ಲ. 1958ರಲ್ಲೂ ಗಂಡನೇ ಕೇಳ್ಕೋತಾನೆ, ಹೆಂಡತಿ ಅವನ ತಲೆ ಮತ್ತು ಕೈಯನ್ನ ಕಾರ್ಖಾನೆಯ ಪ್ರೆಸ್ ಯಂತ್ರದ ಕೆಳಗಿಟ್ಟು ಗುಂಡಿ ಒತ್ತುತಾಳೆ. ಮೇಲಿನ ಉತ್ತರದಲ್ಲಿ ಬಂದೂಕು, ಕ್ಲೋರೋಫಾರ್ಮ್ ಅಂತೆಲ್ಲ ಬರೆದ್ನಲ್ಲ, ಅದರ ಬೇರು ಇಲ್ಲಿದೆ. ಅಪ್ಪನ ಜೊತೆ ಕೂತು 1958ರದ್ದನ್ನ ನೋಡಿ, ಅದ್ರಲ್ಲಿ ರಕ್ತ ಕಮ್ಮಿ, ಮಾತು ಜಾಸ್ತಿ, ಅವರಿಗೂ ತೊಂದ್ರೆ ಆಗಲ್ಲ.

ಪ್ರಶ್ನೆ: ನಂಗೆ ಮೊದಲನೇ ಚಿತ್ರ ಅರ್ಧಕ್ಕಿಂತ ಮುಂದೆ ನೋಡೋಕೇ ಆಗ್ಲಿಲ್ಲ. ಅಜ್ಜಿ ಎರಡು ವರ್ಷ ಹಾಸಿಗೆ ಹಿಡಿದಿದ್ರು, ಅದೇ ನೆನಪಾಯ್ತು. ಬರೀ ನೊಣದ ಸಿನಿಮಾ ನೋಡಿ ಎಂತಕ್ಕೆ ಹೀಗಾಯ್ತು?
— ಓದುಗಿ, ಹೊಸನಗರ

ಉತ್ತರ: ನಿಮಗೆ ಸರಿಯಾಗೇ ಅರ್ಥ ಆಗಿದೆ. ಚಿತ್ರ ಬಂದ ಕಾಲದಲ್ಲಿ ಏಡ್ಸ್ ಭಯ ಜೋರಾಗಿತ್ತು, ಹಾಗಾಗಿ ಅದ್ರ ಬಗ್ಗೇನೇ ಅಂತ ಎಷ್ಟೋ ಜನ ಓದ್ಕೊಂಡ್ರು, ಕ್ರೋನೆನ್‌ಬರ್ಗ್ ಮಾತ್ರ ಇದು ಒಂದೇ ರೋಗದ್ದಲ್ಲ, ಕಾಯಿಲೆ, ಮುಪ್ಪು ಎಲ್ಲದರದ್ದು ಅಂತ ಹೇಳಿದಾರೆ. ಉದುರಿದ ಹಲ್ಲು, ಕಿವಿ ಎಲ್ಲಾ ಬ್ರಂಡಲ್ ಔಷಧಿ ಕಪಾಟಿನಲ್ಲಿ ಜೋಡಿಸಿಡ್ತಾನೆ. ಕಾಯಿಲೆಯವರು ತಮ್ಮ ಮೈಯನ್ನ ತಾವೇ ದೂರದಿಂದ ನೋಡೋ ರೀತಿ ಅದು, ಹಾಸಿಗೆ ಪಕ್ಕ ಕೂತವರಿಗೆ ಅದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ನಮ್ಮ ಕಡೆಯವರಿಗೆ ಇದು ಇನ್ನೂ ಹತ್ರದ್ದು ಅಂತ ನಂಗನ್ಸತ್ತೆ. ಲ್ಯಾಂಗೆಲಾನ್ ಕಥೆ ಬಂದ ಅದೇ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯೋಕೆ ಶುರುವಾಗಿ, ಮಂಗನ ಕಾಯಿಲೆ ಗುರುತಾಗಿದ್ದು. ಎರಡಕ್ಕೂ ಸಂಬಂಧ ಏನೂ ಇಲ್ಲ, ಬರೀ ಕಾಕತಾಳೀಯ. ಆದ್ರೆ ಸೊಪ್ಪಿಗೆ ದರಗಿಗೆ ಅಂತ ಕಾಡಿಗೆ ಹೋಗಿ ಬಂದವರು ಸಂಜೆ ಮೈ ಎಲ್ಲಾ ತಡವಿ ಉಣುಗು (ಆ ಕಾಯಿಲೆ ಹರಡೋ ಉಣ್ಣೆ ಹುಳ) ಹುಡುಕೋ ಊರು ನಮ್ಮದು. ಕಣ್ಣಿಗೆ ಸರಿಯಾಗಿ ಕಾಣದ ಒಂದು ಹುಳ ಮೈಗೆ ಹತ್ತಿ ಇಡೀ ಮನುಷ್ಯನನ್ನ ಮಲಗಿಸಬಹುದು ಅನ್ನೋದು ನಮಗೆ ಸಿನಿಮಾದವರು ಹೇಳ್ಕೊಡಬೇಕಾದ ವಿಷಯ ಅಲ್ಲ. ಉಳಿದರ್ಧ ನೋಡಲೇಬೇಕು ಅಂತೇನಿಲ್ಲಮ್ಮ, ಅಜ್ಜಿ ನೆನಪು ಸ್ವಲ್ಪ ಹಗುರ ಆದ್ಮೇಲೆ ಮನಸ್ಸಾದ್ರೆ ನೋಡಿ.

ಪ್ರಶ್ನೆ: ನಾನು ಕೃಷಿ ವಿದ್ಯಾರ್ಥಿನಿ. ಬ್ರಂಡಲ್ ಊಟದ ಮೇಲೆ ವಾಂತಿ ಮಾಡಿ ಕರಗಿಸಿ ತಿನ್ನೋದು, ಮಗ ಗೂಡು ಕಟ್ಕೊಳೋದು, ಇವೆರಡೂ ನೊಣದ ವಿಷ್ಯದಲ್ಲಿ ನಿಜಾನಾ?
— ಓದುಗಿ, ಶಿವಮೊಗ್ಗ

ಉತ್ತರ: ಮೊದಲನೇದು ಬಹುಪಾಲು ನಿಜ. ಮನೆ ನೊಣಕ್ಕೆ ಕಚ್ಚೋ ಬಾಯಿಲ್ಲ, ಗಟ್ಟಿ ಆಹಾರದ ಮೇಲೆ ಜೊಲ್ಲು, ಹೊಟ್ಟೇಲಿರೋ ರಸ ಎಲ್ಲಾ ಬಿಟ್ಟು ಕರಗಿಸಿ ಹೀರ್ಕೊಳತ್ತೆ. ಹಲಸಿನ ಕಾಲದಲ್ಲಿ ಹಿತ್ತಲಲ್ಲಿ ರಚ್ಚೆ ಎಸೆದಿರೋ ಜಾಗದಲ್ಲಿ ಒಂದೈದು ನಿಮಿಷ ಕೂತು ನೋಡಿದ್ರೆ ಬಾಯಿ ಕೆಳಗಿಳಿಸಿ ಒತ್ತಿ ಒತ್ತಿ ತೆಗೆಯೋದು ಕಾಣತ್ತೆ. ಸ್ಟಾಥಿಸ್‌ನ ಕೈ, ಕಾಲನ್ನ ಕ್ಷಣದಲ್ಲಿ ಕರಗಿಸೋ ಅಷ್ಟು ಆಸಿಡ್ ಮಾತ್ರ ಸಿನಿಮಾದ್ದು. ಎರಡನೇದು ಸರಿ ಇಲ್ಲ. ಗೊಬ್ಬರಗುಂಡೀಲಿ ಬೆಳೆದ ನೊಣದ ಹುಳ ಕೋಶಾವಸ್ಥೆಗೆ ಹೋಗೋವಾಗ ನೂಲು ಸುತ್ಕೊಳಲ್ಲ, ಅದರ ಕೊನೇ ಚರ್ಮಾನೇ ಗಟ್ಟಿಯಾಗಿ ಕಂದು ಬಣ್ಣದ ಚಿಪ್ಪಾಗತ್ತೆ. ಮಾರ್ಟಿನ್ ಸುತ್ಕೊಂಡಿದ್ದು ರೇಷ್ಮೆ ಹುಳದ ಕಡೆಯವರ ಗೂಡು.

ಪ್ರಶ್ನೆ: ನಮ್ಮ ಶಿವಮೊಗ್ಗದ ಸುದೀಪ್ ಅವರು ಮಾಡಿದ ‘ಈಗ’ ಚಿತ್ರಾನೂ ನೊಣದ್ದೇ ಅಲ್ವಾ? ಇದರಿಂದ ಕದ್ದಿದ್ದಾ?
— ಓದುಗರು, ಭದ್ರಾವತಿ

ಉತ್ತರ: ಕದ್ದಿದ್ದು ಅನ್ನೋ ಮಾತೇ ಬರಲ್ಲ. 2012ರ ರಾಜಮೌಳಿ ಚಿತ್ರದಲ್ಲಿ ಸತ್ತ ಹುಡುಗ ನೊಣವಾಗಿ ಮರುಜನ್ಮ ತಗೊಂಡು ಕೊಂದವನ ಮೇಲೆ ಸೇಡು ತೀರಿಸ್ಕೊಳ್ತಾನೆ. ಅಲ್ಲಿ ಮೈ ಬದಲಾದ್ರೂ ಮನಸ್ಸು ಹಂಗೇ ಇದೆ, ನಮ್ಮ ಪುರಾಣದ ಕಥೆಗಳು ಕೇಳಿ ಬೆಳೆದವರಿಗೆ ಅದು ಸಹಜವಾಗಿ ಒಪ್ಪತ್ತೆ. ಕ್ರೋನೆನ್‌ಬರ್ಗ್ ಚಿತ್ರದಲ್ಲಿ ಮೈ ಕೆಟ್ಟ ಹಾಗೆ ಮನಸ್ಸೂ ಕೆಡತ್ತೆ, ಅದೇ ಅದರ ದುಃಖ. ಕಾಣದ ನೊಣದ ಜೊತೆ ಸುದೀಪ್ ಮಾಡಿದ ನಟನೆಗೆ ಮಾತ್ರ ನಾನು ಯಾವಾಗ್ಲೂ ಕೈ ಮುಗಿಯೋನು.

ಪ್ರಶ್ನೆ: ಎರಡನೇ ಚಿತ್ರ ಮಾಡಿದ್ದೇ ಮೇಕಪ್ ಕಲಾವಿದರು ಅಂದ್ಮೇಲೆ ಅದ್ರ ಮೇಕಪ್ಪೇ ಚೆನ್ನಾಗಿರ್ಬೇಕಿತ್ತಲ್ಲ? ನಂಗ್ಯಾಕೋ ಬೊಂಬೆ ಥರ ಕಾಣ್ತು.
— ಓದುಗರು, ಸೊರಬ

ಉತ್ತರ: ಕೈಕೆಲಸದಲ್ಲಿ ಕೊರತೆ ಇಲ್ಲ. ಮೊದಲ ಚಿತ್ರಕ್ಕೆ ವಾಲಸ್ ಮತ್ತು ಸ್ಟೀಫನ್ ಡ್ಯುಪ್ವಿ ಅವರಿಗೆ ಮೇಕಪ್ ಆಸ್ಕರ್ ಬಂದಿತ್ತು, ಅದೇ ಕೈ ಇಲ್ಲೂ ಇದೆ. ವ್ಯತ್ಯಾಸ ಇರೋದು ಒಳಗೆ ಯಾರಿದಾರೆ ಅನ್ನೋದ್ರಲ್ಲಿ. 1986ರಲ್ಲಿ ಹೆಚ್ಚುಕಮ್ಮಿ ಕೊನೇತನಕ ಆ ರಬ್ಬರಿನ ಒಳಗೆ ಗೋಲ್ಡ್‌ಬ್ಲಮ್ ಇದಾರೆ, ಗಂಟೆಗಟ್ಟಲೆ ಕೂತು ಹಚ್ಚಿಸ್ಕೊಂಡು, ಆಮೇಲೂ ಅದೇ ಗಡಿಬಿಡಿ ಮಾತು, ಅದೇ ಕೈ ಆಡಿಸೋದು. ಬೊಂಬೆ ಬರೋದು ಕಟ್ಟಕಡೆಗೆ, ಅಷ್ಟೊತ್ತಿಗೆ ಅದರ ಕಣ್ಣಲ್ಲೂ ನಾವು ಅವನನ್ನೇ ಕಾಣ್ತಿರ್ತೀವಿ. ಎರಡನೇದ್ರಲ್ಲಿ ಗೂಡು ಒಡೆದ್ಮೇಲೆ ಎರಿಕ್ ಸ್ಟೋಲ್ಟ್ಸ್ ಮುಖ ಪೂರ್ತಿ ಮಾಯ, ಮಾತೂ ಇಲ್ಲ, ಕಾವಲಿನವರನ್ನ ಒಬ್ಬೊಬ್ಬರನ್ನಾಗಿ ಬೇಟೆ ಆಡೋ ಒಂದು ಪ್ರಾಣಿ ಅಷ್ಟೇ. ನಡುವೆ ಒಂದು ಕಡೆ ತನ್ನ ಮೇಲೆ ಬಿಟ್ಟ ಕಾವಲು ನಾಯಿಯನ್ನ ಕೊಲ್ಲದೆ ತಲೆ ಸವರತ್ತೆ, ಆಗ ಮಾತ್ರ ಮಾರ್ಟಿನ್ ಇನ್ನೂ ಇದಾನೆ ಅನ್ಸತ್ತೆ, ಅಂಥವು ಇನ್ನೂ ನಾಲ್ಕು ಇಟ್ಟಿದ್ರೆ ಚಿತ್ರದ ದೆಸೆಯೇ ಬೇರೆ ಆಗ್ತಿತ್ತು. ಮತ್ತೊಮ್ಮೆ ನೋಡೋದಾದ್ರೆ ಗೂಡಿಗೆ ಮುಂಚಿನ ಭಾಗದಲ್ಲಿ, ಅರ್ಧ ಮುಖ ಊದಿಕೊಂಡಿರೋವಾಗ ಸ್ಟೋಲ್ಟ್ಸ್ ಕಣ್ಣಲ್ಲೇ ಎಷ್ಟು ನಟಿಸ್ತಾರೆ ಅಂತ ಗಮನಿಸಿ.