ಬೀಡಿ ಕಟ್ಟಿ ಸವೆದ ಬೆರಳಚ್ಚು ಮತ್ತೆ ಬರುತ್ತದಾ?

ಉಡುಪಿಯಲ್ಲಿ ಬೀಡಿ ಕಟ್ಟುವ ನಿಮ್ಮ ಅಮ್ಮನ ಹೆಬ್ಬೆರಳನ್ನು ರೇಷನ್ ಅಂಗಡಿಯ ಮೆಷಿನ್ ಓದುತ್ತಿಲ್ಲ, ಬೆರಳಚ್ಚು ಬದಲಾಗುವುದಿಲ್ಲ ಅನ್ನುವುದು ಸುಳ್ಳಾ ಎಂದು ಕೇಳಿದ್ದೀರಿ.

ಸುಳ್ಳಲ್ಲ. ಅಚ್ಚು ಬದಲಾಗಿಲ್ಲ, ಸವೆದಿದೆ ಅಷ್ಟೇ. ಕೆಲವು ವಾರ ಕೈಗೆ ಬಿಡುವು ಸಿಕ್ಕರೆ ಸಾಮಾನ್ಯವಾಗಿ ಹಳೆಯ ಗೆರೆಗಳೇ ಮರಳುತ್ತವೆ.

ಗೆರೆಗಳ ಮೂಲ ನಮಗೆ ಕಾಣುವ ಚರ್ಮದಲ್ಲಿಲ್ಲ. ಹೊರಚರ್ಮದ ತಳ ಒಳಚರ್ಮಕ್ಕೆ ಅಂಟುವ ಜಾಗದಲ್ಲಿದೆ. ಹುಟ್ಟುವ ಮೊದಲೇ, ತಾಯಿಯ ಹೊಟ್ಟೆಯಲ್ಲೇ ಅದು ಗಟ್ಟಿಯಾಗಿರುತ್ತದೆ. ಗುಳಿಯಪ್ಪದ ಕಾವಲಿ ಇದ್ದ ಹಾಗೆ: ಎಷ್ಟು ಸಲ ಹಿಟ್ಟು ಹೊಯ್ದರೂ ಆಕಾರ ಅದೇ, ಅಲ್ವಾ? ಕಾವಲಿಗೇ ಪೆಟ್ಟು ಬಿದ್ದರೆ, ಅಂದರೆ ಗಾಯ ಒಳಚರ್ಮದವರೆಗೂ ಇಳಿದರೆ, ಕಲೆ ಉಳಿದುಬಿಡುತ್ತದೆ. ಪೊಲೀಸರಿಗೆ ಆ ಕಲೆಯೂ ಒಂದು ಗುರುತೇ!

ಈ ಬದಲಾಗದ ಗುಣವನ್ನು ನಂಬಿಯೇ 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಬ್ಯೂರೋ ಶುರುವಾಯಿತು. ಲಂಡನ್ನಿನ ಪೊಲೀಸ್ ಕೇಂದ್ರ ಸ್ಕಾಟ್ಲೆಂಡ್ ಯಾರ್ಡ್‌ನಲ್ಲಿ ಬಂದದ್ದು ಆಮೇಲೆ, 1901ರಲ್ಲಿ. ಅಚ್ಚುಗಳನ್ನು ವಿಂಗಡಿಸುವ ಕ್ರಮಕ್ಕೆ ಜಾಸ್ತಿ ದುಡಿದವರು ಭಾರತೀಯ ಪೊಲೀಸ್ ಅಧಿಕಾರಿಗಳಾದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಆ ಕ್ರಮಕ್ಕೆ ಹೆಸರು ಮಾತ್ರ ಅವರ ಬ್ರಿಟಿಷ್ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದ್ದು.

ಆಧಾರ್‌ಗೆ ಹತ್ತೂ ಬೆರಳು ಕೊಟ್ಟಿರುತ್ತೇವೆ. ಅಮ್ಮನಿಗೆ ಕಡಿಮೆ ಸವೆದ ಬೇರೆ ಬೆರಳು ಇಟ್ಟು ನೋಡಲು ಹೇಳಿ.