ಹತ್ತು ನಿಮಿಷ ಬಂದು ಹೋದ ಆ ಮುದುಕ ಯಾರು?

ಸಾಗರದಿಂದ ಓದುಗರೊಬ್ಬರು ಬರೆದ ಪತ್ರ ಇದು: ‘ಮೊನ್ನೆ ಹಿಚ್‌ಕಾಕ್ ನಿರ್ದೇಶನದ ಹಳೇ ಕಪ್ಪು-ಬಿಳುಪು ಸಿನಿಮಾ “ದಿ 39 ಸ್ಟೆಪ್ಸ್” ನೋಡಿದೆ. ತಪ್ಪಿಸಿಕೊಂಡು ಓಡುತ್ತಿರುವ ಹೀರೋಗೆ ಒಂದು ರಾತ್ರಿ ಮಲಗಲು ಜಾಗ ಕೊಡುವ ರೈತ ಮುದುಕ ಅದರಲ್ಲಿ ಬರುತ್ತಾನೆ. ಹತ್ತು ನಿಮಿಷ ಇದ್ದಾನೋ ಇಲ್ಲವೋ. ಹೀರೋ ಮುಖ ಆಗಲೇ ಮಸುಕಾಗಿದೆ. ಈ ಮುದುಕನ ಮುಖ ಮಾತ್ರ ಕಣ್ಣು ಬಿಟ್ಟು ಹೋಗುತ್ತಿಲ್ಲ. ಯಾರು ಇವನು? ಜೀವನವಿಡೀ ಹೀಗೆ ಸೈಡ್ ಆ್ಯಕ್ಟರ್ ಆಗಿಯೇ ಉಳಿದನಾ? ಇಂಥವರ ಬಗ್ಗೆ ನಿಮ್ಮ ಪತ್ರಿಕೆ ಯಾಕೆ ಬರೆಯುವುದಿಲ್ಲ?’

ಪ್ರಿಯ ಓದುಗರೇ,

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಬರೆಯದೇ ಇದ್ದದ್ದು ತಪ್ಪು. ಅದಕ್ಕೇ ಈ ಸಲ ನಿಮ್ಮ ಒಂದೇ ಪತ್ರಕ್ಕೆ ಇಷ್ಟು ಜಾಗ ಕೊಟ್ಟಿದ್ದೇನೆ.

ಆ ನಟನ ಹೆಸರು ಜಾನ್ ಲಾರೀ. ಸ್ಕಾಟ್ಲೆಂಡಿನವರು. ಇನ್ನೊಂದು ವಿಷಯ. ನೀವು ಮುದುಕ ಎಂದು ಬರೆದಿದ್ದೀರಿ. ಆ ಸಿನಿಮಾ ಬಂದದ್ದು 1935ರಲ್ಲಿ. ಲಾರೀ ಹುಟ್ಟಿದ್ದು 1897ರಲ್ಲಿ. ಅಂದರೆ ಅವರಿಗೆ ಆಗ ನಲವತ್ತು ಕೂಡ ತುಂಬಿರಲಿಲ್ಲ. ಅವರು ನಿಮ್ಮನ್ನು ನಂಬಿಸಿಬಿಟ್ಟಿದ್ದಾರೆ ನೋಡಿ.

ನೀವು ಹೇಳಿದ ದೃಶ್ಯವನ್ನು ನಾನೂ ಮತ್ತೆ ಹಾಕಿ ನೋಡಿದೆ. ಸ್ಕಾಟ್ಲೆಂಡಿನ ಬೆಟ್ಟಸೀಮೆಯಲ್ಲಿ ತುಂಡು ಜಮೀನನ್ನು ಗೇಣಿಗೆ ಮಾಡಿಕೊಂಡಿರುವ ರೈತನಿಗೆ ಕ್ರಾಫ್ಟರ್ ಎನ್ನುತ್ತಾರೆ. ಲಾರೀ ಮಾಡಿದ್ದು ಅಂಥ ಒಬ್ಬನ ಪಾತ್ರ. ಜಿಪುಣ, ದೈವಭಕ್ತ, ವಯಸ್ಸಿನಲ್ಲಿ ಚಿಕ್ಕವಳಾದ ಹೆಂಡತಿಯ ಮೇಲೆ ಸದಾ ಅನುಮಾನ. ರಾತ್ರಿ ಊಟಕ್ಕೆ ಕೂತಾಗ ಅವನು ಕಣ್ಣು ಮುಚ್ಚಿ ಪ್ರಾರ್ಥನೆ ಹೇಳುತ್ತಾನೆ. ಹೆಂಡತಿ ಅಷ್ಟರಲ್ಲಿ ಮೇಜಿನ ಮೇಲಿದ್ದ ಪತ್ರಿಕೆ ನೋಡಿ, ಬಂದಿರುವ ಅತಿಥಿ ಪೊಲೀಸರು ಹುಡುಕುತ್ತಿರುವ ಮನುಷ್ಯ ಎಂದು ತಿಳಿದುಕೊಳ್ಳುತ್ತಾಳೆ. ಅತಿಥಿಯೂ ಅವಳೂ ಕಣ್ಣಲ್ಲೇ ಮಾತಾಡಿಕೊಳ್ಳುತ್ತಾರೆ. ಪ್ರಾರ್ಥನೆಯ ನಡುವೆ ಗಂಡ ಕಣ್ಣು ತೆರೆಯುತ್ತಾನೆ. ಅವನಿಗೆ ಪತ್ರಿಕೆಯ ಸುದ್ದಿ ಗೊತ್ತಿಲ್ಲ. ಅವನಿಗೆ ಕಾಣುವುದು ತನ್ನ ಹೆಂಡತಿ ಪರಗಂಡಸನ್ನು ನೋಡುತ್ತಿರುವುದು, ಅಷ್ಟೇ. ಬಾಯಲ್ಲಿ ದೇವರ ಹೆಸರು ನಿಲ್ಲುವುದಿಲ್ಲ. ಕಣ್ಣು ಮಾತ್ರ ಅವಳಿಂದ ಅವನ ಕಡೆಗೆ, ಅವನಿಂದ ಅವಳ ಕಡೆಗೆ ಹೋಗುತ್ತದೆ. ಆಮೇಲೆ ಹೊರಗೆ ಹೋಗಿ ಕಿಟಕಿಯಿಂದ ಇಣುಕುತ್ತಾನೆ. ಗಾಜಿನ ಆಚೆ ಆ ಮುಖ! ಅದನ್ನು ನೀವು ಮರೆಯದೇ ಇರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆ ಹೆಂಡತಿಯ ಪಾತ್ರ ಮಾಡಿದವರು ಪೆಗ್ಗಿ ಆಶ್‌ಕ್ರಾಫ್ಟ್. ಆಗಿನ್ನೂ ಇಪ್ಪತ್ತೇಳರ ಹುಡುಗಿ. ಮುಂದೆ ಇಂಗ್ಲೆಂಡಿನ ರಂಗಭೂಮಿಯ ದೊಡ್ಡ ಹೆಸರಾದರು. ಇಬ್ಬರೂ ಕಲಿತದ್ದು ಒಂದೇ ಶಾಲೆಯಲ್ಲಿ, ಲಂಡನ್ನಿನ ಸೆಂಟ್ರಲ್ ಸ್ಕೂಲ್‌ನಲ್ಲಿ. ಎಲ್ಸಿ ಫೋಗರ್ಟಿ ಎಂಬ ಗುರು ಅಲ್ಲಿ ಮಾತು ಕಲಿಸುತ್ತಿದ್ದರು. ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಪದವನ್ನು ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು, ಇದೇ ಅಲ್ಲಿಯ ಮುಖ್ಯ ಪಾಠ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಆಮೇಲೆ ಬೇಕಾಗುತ್ತದೆ.

ಲಾರೀ ಹುಟ್ಟಿದ್ದು ಸ್ಕಾಟ್ಲೆಂಡಿನ ದಕ್ಷಿಣದ ಡಂಫ್ರೀಸ್ ಎಂಬ ಊರಿನಲ್ಲಿ. ಕವಿ ರಾಬರ್ಟ್ ಬರ್ನ್ಸ್ ಕೊನೆಯ ವರ್ಷಗಳನ್ನು ಕಳೆದ ಊರು ಅದು. ಮನೆಯವರದು ಗಿರಣಿ, ಬಟ್ಟೆಯ ಕಸುಬು. ಹುಡುಗ ಮೊದಲು ಹೊರಟದ್ದು ಕಟ್ಟಡ ವಿನ್ಯಾಸ ಕಲಿಯಲು. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಫಿರಂಗಿ ದಳ ಸೇರಿ ಹೋದವರು ಆರೋಗ್ಯ ಕೆಡಿಸಿಕೊಂಡು ವಾಪಸ್ ಬಂದರು. ಯುದ್ಧ ಮುಗಿದ ಮೇಲೆ ಕಟ್ಟಡದ ಕಡೆ ತಿರುಗಿ ನೋಡಲಿಲ್ಲ. ನಾಟಕಕ್ಕೆ ಬಂದರು. 1921ರಲ್ಲಿ ಮೊದಲು ಸಂಬಳದ ನಟನಾಗಿ ರಂಗಕ್ಕೆ ಹತ್ತಿದ್ದು ತಮ್ಮ ಊರು ಡಂಫ್ರೀಸ್‌ನಲ್ಲೇ.

ಅಲ್ಲಿಂದ ಮುಂದೆ ಲಂಡನ್ನಿನ ಓಲ್ಡ್ ವಿಕ್. ದುಡಿಯುವ ಜನ ಕಡಿಮೆ ದುಡ್ಡಿಗೆ ಷೇಕ್ಸ್‌ಪಿಯರ್ ನೋಡಬೇಕು ಅನ್ನುವ ಹಟದಿಂದ ಲಿಲಿಯನ್ ಬೇಲಿಸ್ ಎಂಬ ಹೆಣ್ಣುಮಗಳು ನಡೆಸುತ್ತಿದ್ದ ರಂಗಮಂದಿರ ಅದು. ಆ ಮೇಲೆ ಷೇಕ್ಸ್‌ಪಿಯರ್ ಹುಟ್ಟಿದ ಊರು ಸ್ಟ್ರಾಟ್‌ಫರ್ಡ್‌ನ ರಂಗ. ಲಾರೀ ಅಲ್ಲೆಲ್ಲ ಸೈಡ್ ಆ್ಯಕ್ಟರ್ ಆಗಿರಲಿಲ್ಲ. ಹ್ಯಾಮ್ಲೆಟ್ ಆಗಿದ್ದರು. ಮ್ಯಾಕ್‌ಬೆತ್ ಆಗಿದ್ದರು. ಮೂರನೆಯ ರಿಚರ್ಡ್ ಆಗಿದ್ದರು. ನಾಟಕದ ಹೆಸರೂ ಇವರ ಪಾತ್ರದ ಹೆಸರೂ ಒಂದೇ ಆಗಿದ್ದ ಕಾಲ ಅದು. ಓಲ್ಡ್ ವಿಕ್‌ನಲ್ಲೇ ನಟಿಯಾಗಿದ್ದ ಫ್ಲಾರೆನ್ಸ್ ಸಾಂಡರ್ಸ್ ಅವರನ್ನು 1924ರಲ್ಲಿ ಮದುವೆಯಾದರು. ಎರಡೇ ವರ್ಷಕ್ಕೆ ಆಕೆ ತೀರಿಕೊಂಡರು. ಕೆಲಸ ಮಾತ್ರ ನಿಲ್ಲಲಿಲ್ಲ. ಕೆಲವು ವರ್ಷದ ನಂತರ ಮತ್ತೆ ಮದುವೆಯಾಗಿ ಒಬ್ಬಳು ಮಗಳೂ ಹುಟ್ಟಿದಳು.

ಇಂಥವರು ಸಿನಿಮಾಕ್ಕೆ ಬಂದಾಗ ಯಾಕೆ ಹೀರೋ ಆಗಲಿಲ್ಲ? ಪರದೆಗೆ ಬೇಕಾಗಿದ್ದ ಹೀರೋ ಮುಖವೇ ಬೇರೆ ಇತ್ತು. ಲಾರೀ ಅವರದು ಒಣಗಿದ, ಎಲುಬು ಕಾಣುವ ಮುಖ. ಗುಳಿಬಿದ್ದ ಕಣ್ಣು, ಗಾಳಿಗೆ ಹಾರಿದಂಥ ಹುಬ್ಬು. ಮಾತಿನಲ್ಲಿ ಸ್ಕಾಟ್ಲೆಂಡಿನ ಗಡಸು ‘ರ’. ಇವೆಲ್ಲ ಸೇರಿ ಸಿನಿಮಾದವರು ಅವರನ್ನು ಬೇಗನೆ ಒಂದು ಕಡೆ ಕೂರಿಸಿದರು. ಸ್ಕಾಟ್ಲೆಂಡಿನ ಸಿಡುಕ ಬೇಕಾ, ಕಟ್ಟುನಿಟ್ಟಿನ ಭಕ್ತ ಬೇಕಾ, ಲಾರೀಗೆ ಹೇಳಿ ಕಳಿಸಿ. ಹೀಗೆ ನಲವತ್ತು ವರ್ಷಕ್ಕೂ ಜಾಸ್ತಿ ನಡೆಯಿತು. 1950ರ ‘ಟ್ರೆಷರ್ ಐಲೆಂಡ್’ನಲ್ಲಿ ಕೋಲು ಕುಟ್ಟುತ್ತ ಬರುವ ಕುರುಡ ಪ್ಯೂ ಅವರೇ. 1960ರ ‘ಕಿಡ್‌ನ್ಯಾಪ್ಡ್’ನಲ್ಲಿ ಅಣ್ಣನ ಮಗನಿಗೇ ಮೋಸ ಮಾಡುವ ಜಿಪುಣ ಎಬೆನೀಜರ್ ಅವರೇ.

ಇವುಗಳಲ್ಲಿ ಒಂದನ್ನು ಮಾತ್ರ ಸ್ವಲ್ಪ ಉದ್ದಕ್ಕೆ ಹೇಳಬೇಕು. ನನಗೆ ಲಾರೀ ಸಿಕ್ಕಿದ್ದೇ ಅದರಿಂದ. 1937ರಲ್ಲಿ ಬಂದ ‘ದಿ ಎಡ್ಜ್ ಆಫ್ ದಿ ವರ್ಲ್ಡ್’. ನಿರ್ದೇಶಕ ಮೈಕೆಲ್ ಪೋವೆಲ್.

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಮುದ್ರದ ಒಳಗೆ, ಸೇಂಟ್ ಕಿಲ್ಡಾ ಎಂಬ ದ್ವೀಪಗಳಿವೆ. ಅಲ್ಲಿ ಉಳಿದಿದ್ದ ಕೊನೆಯ 36 ಜನ 1930ರ ಆಗಸ್ಟ್‌ನಲ್ಲಿ ಮನೆ ಬಿಟ್ಟು ಹಡಗು ಹತ್ತಿದರು. ದುಡಿಯುವ ಕೈ ಸಾಲದಾಗಿತ್ತು. ಬದುಕು ಸಾಗುತ್ತಿರಲಿಲ್ಲ. ಈ ಸುದ್ದಿ ಪೋವೆಲ್ ಅವರ ತಲೆಯಲ್ಲಿ ಕೂತಿತು. ಸೇಂಟ್ ಕಿಲ್ಡಾದಲ್ಲಿ ಚಿತ್ರೀಕರಣಕ್ಕೆ ಅನುಮತಿ ಸಿಗಲಿಲ್ಲ. ಆಗ ಅವರು ಉತ್ತರದ ಶೆಟ್‌ಲೆಂಡ್ ಕಡೆಯ ಫೌಲಾ ಎಂಬ ದ್ವೀಪಕ್ಕೆ ತಂಡ ಕಟ್ಟಿಕೊಂಡು ಹೋದರು. 1936ರ ಮಾತು ಇದು. ಫೌಲಾದ ಒಂದು ಬಂಡೆಗೋಡೆ ಸಮುದ್ರದಿಂದ ನೇರ ಎದ್ದು 370 ಮೀಟರ್‌ಗೂ ಎತ್ತರ ನಿಲ್ಲುತ್ತದೆ. ತಂಡ ಅಲ್ಲೇ ತಿಂಗಳುಗಟ್ಟಲೆ ಉಳಿಯಿತು. ಬಿರುಗಾಳಿ ಎದ್ದು ದೋಣಿ ಬರದೇ ಸಿಕ್ಕಿಹಾಕಿಕೊಂಡದ್ದೂ ಉಂಟು.

ಲಾರೀ ಇದರಲ್ಲಿ ಪೀಟರ್ ಮ್ಯಾನ್‌ಸನ್. ಪ್ರಾಯಕ್ಕೆ ಬಂದ ಮಗ, ಮಗಳು ಇರುವ ತಂದೆ. ದ್ವೀಪ ಬಿಡುವುದಿಲ್ಲ ಎಂದು ಹಟ ಹಿಡಿದವನು. ಮಗ ಊರು ಬಿಡೋಣ ಎನ್ನುತ್ತಾನೆ. ಮಗಳನ್ನು ಮದುವೆಯಾಗಬೇಕಾದ ಹುಡುಗ ಬೇಡ ಎನ್ನುತ್ತಾನೆ. ತೀರ್ಮಾನಕ್ಕೆ ಇಬ್ಬರೂ ಆ ಬಂಡೆ ಹತ್ತುವ ಪಂದ್ಯ ಕಟ್ಟುತ್ತಾರೆ. ಮಗ ಬಿದ್ದು ಸಾಯುತ್ತಾನೆ. ಅಲ್ಲಿಂದ ಮುಂದೆ ಲಾರೀ ಮುಖ ನೋಡಬೇಕು. ಅಳುವುದಿಲ್ಲ, ಕೂಗುವುದಿಲ್ಲ. ಮುಖ ಆ ಕಲ್ಲಿನ ಹಾಗೇ ಆಗಿಬಿಡುತ್ತದೆ. ನಮ್ಮ ಕಡೆ ಮುಳುಗಡೆಯಲ್ಲಿ ಮನೆ ಕಳೆದುಕೊಂಡ ಹಿರಿಯರನ್ನು ನೀವೂ ನೋಡಿರುತ್ತೀರಿ, ಶರಾವತಿ ಸೀಮೆಯವರಲ್ವಾ ನೀವು. ಆ ಸಿನಿಮಾ ನೋಡುವಾಗ ನನಗೆ ನೆನಪಾದದ್ದು ಅವರೇ. ಕೊನೆಗೆ ಎಲ್ಲರೂ ದೋಣಿ ಹತ್ತುವ ದಿನ ಮ್ಯಾನ್‌ಸನ್ ಒಬ್ಬನೇ ಹಗ್ಗ ಹಿಡಿದು ಬಂಡೆ ಇಳಿಯುತ್ತಾನೆ, ಒಂದು ಕಡಲಹಕ್ಕಿಯ ಮೊಟ್ಟೆ ತರಲು. ಹಗ್ಗ ಹರಿಯುತ್ತದೆ.

ಆ ವಯಸ್ಸಾದ ತಂದೆಯ ಪಾತ್ರ ಮಾಡುವಾಗ ಲಾರೀಗೆ 39 ವರ್ಷ.

ಇದನ್ನು ಬರೆಯುವಾಗ ನೀವು ಬಳಸಿದ ‘ಸೈಡ್ ಆ್ಯಕ್ಟರ್’ ಎಂಬ ಮಾತೇ ನನ್ನನ್ನು ಕಾಡುತ್ತಿದೆ. ನೀವು ಬೇಜಾರಿನಿಂದ ಬಳಸಿದ್ದೀರಿ, ಗೊತ್ತು. ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಮಾತು ಇದೆ: ಪೋಷಕ ನಟ. ಅಶ್ವತ್ಥ್ ಅವರನ್ನು ನೋಡಿ ಬೆಳೆದ ನಮಗೆ ಆ ಮಾತಿನ ತೂಕ ಗೊತ್ತು. ಚಾಮಯ್ಯ ಮೇಷ್ಟ್ರು ಇಲ್ಲದೇ ‘ನಾಗರಹಾವು’ ಕಲ್ಪಿಸಿಕೊಳ್ಳಲು ಆಗುತ್ತದಾ? ಮಗುವನ್ನು ಪೋಷಿಸುವ ಹಾಗೆ ಕಥೆಯನ್ನು ಪೋಷಿಸುವವನು ಅಂತಲೇ ನಾನು ಅದನ್ನು ಓದಿಕೊಳ್ಳುತ್ತೇನೆ.

ಲಾರೀ ಎಷ್ಟು ಚಿಕ್ಕ ಪಾತ್ರದಲ್ಲೂ ಇದನ್ನು ಮಾಡಿದ್ದಾರೆ. ಲಾರೆನ್ಸ್ ಒಲಿವಿಯೆ ಷೇಕ್ಸ್‌ಪಿಯರ್‌ನ ಮೂರು ನಾಟಕಗಳನ್ನು ಸಿನಿಮಾ ಮಾಡಿದರು. ‘ಐದನೆಯ ಹೆನ್ರಿ’, ‘ಹ್ಯಾಮ್ಲೆಟ್’, ‘ಮೂರನೆಯ ರಿಚರ್ಡ್’. ಮೂರರಲ್ಲೂ ಲಾರೀ ಇದ್ದಾರೆ. 1948ರ ‘ಹ್ಯಾಮ್ಲೆಟ್’ ಅತ್ಯುತ್ತಮ ಚಿತ್ರಕ್ಕೆ ಆಸ್ಕರ್ ಪಡೆಯಿತು. ಅದರ ಶುರುವಿನಲ್ಲೇ ಕೋಟೆ ಮೇಲೆ, ಮಂಜಿನಲ್ಲಿ, ಒಬ್ಬ ಕಾವಲುಗಾರ ನಿಂತಿರುತ್ತಾನೆ. ಹೆಸರು ಫ್ರಾನ್ಸಿಸ್ಕೊ. ಮುಂದಿನ ಪಾಳಿಯವನು ಬಂದಾಗ ಬಿಡುಗಡೆ ಸಿಕ್ಕಿದ ಸಮಾಧಾನದಲ್ಲಿ, ಚಳಿ ಕೊರೆಯುತ್ತಿದೆ, ಎದೆಯೊಳಗೂ ನೆಮ್ಮದಿ ಇಲ್ಲ ಎಂದು ಹೇಳಿ ಹೋಗುತ್ತಾನೆ. ಮತ್ತೆ ಬರುವುದಿಲ್ಲ. ಆ ಕಾವಲುಗಾರ ಲಾರೀ. ಇಪ್ಪತ್ತು ವರ್ಷದ ಹಿಂದೆ ಹ್ಯಾಮ್ಲೆಟ್ ತಾನೇ ಆಗಿದ್ದ ನಟ ಬಂದು ನಾಲ್ಕು ಮಾತು ಆಡಿ ಇಳಿದು ಹೋಗುತ್ತಾರೆ. ಆದರೆ ಆ ನಾಲ್ಕು ಮಾತು ಮುಗಿಯುವ ಹೊತ್ತಿಗೆ ಈ ಕೋಟೆಯಲ್ಲಿ ಏನೋ ಕೆಟ್ಟಿದೆ ಎಂದು ನಮಗೆ ಗೊತ್ತಾಗಿರುತ್ತದೆ. ಆ ಸಿನಿಮಾ ಶುರುವಾಗುವುದೇ ಅವರ ಗಂಟಲಿನ ಆ ದಣಿವಿನಿಂದ ಎಂದು ನನಗೆ ಅನಿಸುತ್ತದೆ.

ಈಗ ಬ್ರಿಟನ್ನಿನಲ್ಲಿ ಯಾರನ್ನಾದರೂ ಜಾನ್ ಲಾರೀ ಯಾರು ಎಂದು ಕೇಳಿ. ಹ್ಯಾಮ್ಲೆಟ್ ಎನ್ನುವುದಿಲ್ಲ. ಫ್ರೇಜರ್ ಎನ್ನುತ್ತಾರೆ. 1968ರಲ್ಲಿ ಬಿಬಿಸಿಯಲ್ಲಿ ‘ಡ್ಯಾಡ್ಸ್ ಆರ್ಮಿ’ ಎಂಬ ಹಾಸ್ಯ ಧಾರಾವಾಹಿ ಶುರುವಾಯಿತು. 1977ರವರೆಗೆ ನಡೆದು 80 ಕಂತು ಬಂತು. ಎರಡನೇ ಮಹಾಯುದ್ಧದಲ್ಲಿ ಹಿಟ್ಲರ್ ಇಂದೋ ನಾಳೆಯೋ ಇಂಗ್ಲೆಂಡಿಗೆ ಇಳಿಯುತ್ತಾನೆ ಎಂಬ ಭಯ ಇತ್ತಲ್ಲ, ಆಗ ಸೈನ್ಯಕ್ಕೆ ಹೋಗಲಾಗದವರನ್ನು ಸೇರಿಸಿ ಹೋಮ್ ಗಾರ್ಡ್ ಎಂಬ ಊರುಗಾವಲು ಪಡೆ ಕಟ್ಟಿದ್ದರು. ಅಂಥ ಒಂದು ಪಡೆಯ ಕಥೆ. ಬ್ಯಾಂಕ್ ಮ್ಯಾನೇಜರ್ ಕ್ಯಾಪ್ಟನ್, ಮಾಂಸದಂಗಡಿಯವನು ಅವನ ಕೈಕೆಳಗೆ. ಲಾರೀ ಮಾಡಿದ ಫ್ರೇಜರ್ ಶವಪೆಟ್ಟಿಗೆ ಮಾಡಿ ಸಂಸ್ಕಾರ ನಡೆಸಿಕೊಡುವವನು. ಏನೇ ಆಗಲಿ ಕಣ್ಣು ಅಗಲಿಸಿ, ‘ನಮ್ಮ ಕಥೆ ಮುಗೀತು’ ಎನ್ನುವುದು ಅವನ ಅಭ್ಯಾಸ. ಲಾರೀ ಸ್ವತಃ ಯುದ್ಧಕಾಲದಲ್ಲಿ ಹೋಮ್ ಗಾರ್ಡ್‌ನಲ್ಲಿ ಇದ್ದವರು. ಧಾರಾವಾಹಿ ಶುರುವಾದಾಗ ಅವರಿಗೆ 71. ಒಂದು ಹಂತದಲ್ಲಿ ಸುಮಾರು 1 ಕೋಟಿ 80 ಲಕ್ಷ ಜನ ಇದನ್ನು ನೋಡುತ್ತಿದ್ದರು.

ಲಾರೀಗೆ ಇದರ ಬಗ್ಗೆ ಕೊರಗು ಇತ್ತು. ಷೇಕ್ಸ್‌ಪಿಯರ್‌ನ ದೊಡ್ಡ ಪಾತ್ರಗಳನ್ನೆಲ್ಲ ಮಾಡಿದ ನನಗೆ ಕೊನೆಗೆ ಹೆಸರು ಬಂದದ್ದು ಇದಕ್ಕಾ ಎಂದು ಗೊಣಗುತ್ತಿದ್ದರು ಅಂತ ಜೊತೆಗಿದ್ದವರು ನೆನೆದಿದ್ದಾರೆ. ಆ ನೋವು ನನಗೆ ಅರ್ಥವಾಗುತ್ತದೆ. ಅವರ ಹ್ಯಾಮ್ಲೆಟ್ ರಂಗದ ಮೇಲೆ ಆಗಿ ಅಲ್ಲೇ ಮುಗಿದು ಹೋಯಿತು. ಇವತ್ತು ನಾವು ಎಲ್ಲಿ ನೋಡೋಣ ಅದನ್ನು?

ಆದರೂ ಈ ಒಂದು ವಿಷಯದಲ್ಲಿ ನಾನು ಅವರ ಮಾತು ಒಪ್ಪುವುದಿಲ್ಲ. ಒಂದು ಕಂತಿನಲ್ಲಿ ಫ್ರೇಜರ್ ರಾತ್ರಿ ಹೊತ್ತು ಜೊತೆಗಾರರಿಗೆ ಕಥೆ ಹೇಳುತ್ತೇನೆ ಎಂದು ಕೂರುತ್ತಾನೆ. ಹಳೇ ಖಾಲಿ ಕೊಟ್ಟಿಗೆಯ ಕಥೆ ಗೊತ್ತಾ ನಿಮಗೆ? ದನಿ ಇಳಿಸುತ್ತಾನೆ. ಪದ ಪದವನ್ನೂ ಎಳೆಯುತ್ತಾನೆ. ಎಲ್ಲರೂ ಉಸಿರು ಬಿಗಿಹಿಡಿದು, ಇಲ್ಲ, ಹೇಳು ಎನ್ನುತ್ತಾರೆ. ಅದರೊಳಗೆ ಏನೂ ಇರಲಿಲ್ಲ ಎನ್ನುತ್ತಾನೆ. ಕಥೆ ಅಷ್ಟೇ. ಕಥೆಯಲ್ಲಿ ಏನೂ ಇಲ್ಲ, ಕೊಟ್ಟಿಗೆಯಲ್ಲೂ ಏನೂ ಇಲ್ಲ. ಇರುವುದು ಒಂದು ದನಿ ಮಾತ್ರ. ಆ ದನಿ ನಮ್ಮ ಬೆನ್ನಲ್ಲಿ ಚಳಿ ಹುಟ್ಟಿಸಿದ್ದಕ್ಕೇ ಆಮೇಲೆ ನಗು ಉಕ್ಕುತ್ತದೆ. ಆ ದನಿ ಬಂದದ್ದು ಎಲ್ಲಿಂದ? ಫೋಗರ್ಟಿ ಪಾಠದಿಂದ, ಓಲ್ಡ್ ವಿಕ್‌ನಿಂದ, ಸ್ಟ್ರಾಟ್‌ಫರ್ಡ್‌ನಿಂದ. ನಾವು ನೋಡಲು ಆಗದ ಆ ಹ್ಯಾಮ್ಲೆಟ್ ಫ್ರೇಜರ್‌ನ ಗಂಟಲಲ್ಲಿ ಉಳಿದುಕೊಂಡಿದ್ದಾನೆ.

1978ರಲ್ಲಿ ಮೈಕೆಲ್ ಪೋವೆಲ್ ಹಳೇ ತಂಡದಲ್ಲಿ ಉಳಿದವರನ್ನು ಕರೆದುಕೊಂಡು ಮತ್ತೆ ಫೌಲಾಕ್ಕೆ ಹೋದರು. ಆ ಭೇಟಿಯ ಮೇಲೆ ಒಂದು ಪುಟ್ಟ ಚಿತ್ರವೂ ಆಯಿತು. ಲಾರೀ ಜೊತೆಗಿದ್ದರು. 81 ವರ್ಷ. ಈಗ ಮುಖಕ್ಕೆ ಬಣ್ಣ ಬೇಡ, ವಯಸ್ಸು ತಾನಾಗಿ ಬಂದು ಕೂತಿತ್ತು. ನಲವತ್ತರೊಳಗೆ ನಟಿಸಿ ತೋರಿಸಿದ್ದ ಮುದುಕನ ಹತ್ತಿರ ಹತ್ತಿರ ಹೋಗಿ ಅದೇ ದ್ವೀಪದಲ್ಲಿ ನಿಂತಿದ್ದರು. ಎರಡು ವರ್ಷದ ಮೇಲೆ, 1980ರ ಜೂನ್‌ನಲ್ಲಿ ತೀರಿಕೊಂಡರು.

ಮುಂದೆ ಯಾವುದು ನೋಡಲಿ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಫೌಲಾದಲ್ಲಿ ತೆಗೆದ ಸಿನಿಮಾವನ್ನು ಮೊದಲು ನೋಡಿ. ಮಗ ಬಿದ್ದ ಮೇಲಿನ ಆ ಮುಖ ನೋಡಿ. ಆಮೇಲೆ ಖಾಲಿ ಕೊಟ್ಟಿಗೆಯ ಕಥೆ ಕೇಳಿ. ನೋಡಿದ ಮೇಲೆ ಇನ್ನೊಂದು ಪತ್ರ ಹಾಕಿ, ಕಾಯುತ್ತಿರುತ್ತೇನೆ.

ಇತಿ,
ಸಂಪಾದಕ