ಕ್ವೆಸ್ಟ್‌ನಲ್ಲಿ ಆಟ ತಡೆತಡೆದು ಓಡುತ್ತಿದೆಯೇ?

ಪ್ರಶ್ನೆ: ಮೆಟಾ ಕ್ವೆಸ್ಟ್ 3 ಹೆಡ್‌ಸೆಟ್ಟನ್ನು (ಕಣ್ಣಿಗೆ ಧರಿಸಿ ಆಡುವ ವಿಆರ್ ಸಾಧನ) ವೈಫೈ ಮೂಲಕ ಪಿಸಿಗೆ ಜೋಡಿಸಿದ್ದೇನೆ. ಆಟ ತಡೆತಡೆದು ಓಡುತ್ತದೆ, ತಲೆ ಸುತ್ತುತ್ತದೆ. ಗ್ರಾಫಿಕ್ಸ್ ಕಾರ್ಡ್ ಬದಲಿಸಲೇ?

ಉತ್ತರ: ಈಗಲೇ ದುಡ್ಡು ಸುರಿಯಬೇಡಿ. ನಿಮ್ಮ ಪಿಸಿಯೂ ವೈಫೈನಲ್ಲೇ ಇದೆಯೇ ನೋಡಿ. ಇದ್ದರೆ ಪ್ರತಿ ದೃಶ್ಯವೂ ಪಿಸಿಯಿಂದ ರೂಟರ್‌ಗೆ, ರೂಟರ್‌ನಿಂದ ಹೆಡ್‌ಸೆಟ್‌ಗೆ ಎಂದು ಎರಡೆರಡು ಸಲ ಗಾಳಿಯಲ್ಲಿ ಹಾಯಬೇಕು, ತಡವಾಗುವುದು ಅಲ್ಲೇ. ಪಿಸಿಯಿಂದ ರೂಟರ್‌ನ ಗಿಗಾಬಿಟ್ (ವೇಗದ) ಪೋರ್ಟಿಗೆ ಕ್ಯಾಟ್-6 ನೆಟ್‌ವರ್ಕ್ ಕೇಬಲ್ ಎಳೆಯಿರಿ. ರೂಟರ್ ಆಡುವ ಕೋಣೆಯಲ್ಲೇ ಇರಲಿ, 5 ಗಿಗಾಹರ್ಟ್ಸ್ ಸಿಗ್ನಲ್ ಗೋಡೆ ದಾಟಿದರೆ ಸೊರಗುತ್ತದೆ. ರೂಟರ್‌ನ 2.4 ಮತ್ತು 5 ಗಿಗಾಹರ್ಟ್ಸ್ ವೈಫೈಗಳಿಗೆ ಬೇರೆ ಬೇರೆ ಹೆಸರಿಟ್ಟು, ಹೆಡ್‌ಸೆಟ್ಟನ್ನು 5ಕ್ಕೇ ಸೇರಿಸಿ. ಇಂಟರ್ನೆಟ್ ಪ್ಲಾನ್ ಹೆಚ್ಚಿಸಿ ಪ್ರಯೋಜನವಿಲ್ಲ, ಈ ದೃಶ್ಯಗಳು ಮನೆಯೊಳಗೇ ಓಡಾಡುತ್ತವೆ. ಆಮೇಲೂ ತಡೆದರೆ ಮೊದಲು ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ದೃಶ್ಯದ ಡೇಟಾ) ಇಳಿಸಿ, ಆನಂತರ ರೆಸಲ್ಯೂಶನ್ (ಚಿತ್ರದ ಸ್ಪಷ್ಟತೆ). ತಲೆ ಸುತ್ತಿದ ಕೂಡಲೇ ಹೆಡ್‌ಸೆಟ್ ತೆಗೆದಿಡಿ, ಆದರೆ ಕಿಟಕಿ ಬಿಸಿಲಿಗಲ್ಲ: ಲೆನ್ಸ್ ಮೂಲಕ ಬಿಸಿಲು ಬಿದ್ದರೆ ಒಳಗಿನ ಪರದೆ ಸುಡುತ್ತದೆ.